ಪುರುಷರ ಸಂತಾನಶಕ್ತಿ: ನಮ್ಮ ಆಹಾರ, ಚಟ ಮತ್ತು ದಿನಚರಿ

ಮದುವೆಯಾಗಿ ಎರಡು ಮೂರು ವರ್ಷ ಮಕ್ಕಳಾಗದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಸೊಸೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾರೆ. ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನವರಿಗೆ ಹರಕೆ ಹೊರುತ್ತಾರೆ. ಮಗನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ವಧು-ವರರ ಸಮಾವೇಶಗಳಲ್ಲಿ ಸ್ವಯಂಸೇವಕನಾಗಿ ಓಡಾಡುವಾಗ ಪರಿಚಯವಾದ ಒಂದು ಕುಟುಂಬದಲ್ಲಿ ಸೊಸೆಗೆ ನಾಲ್ಕು ವರ್ಷ ಔಷಧಿ, ಸ್ಕ್ಯಾನ್, ಕೊನೆಗೆ ಲ್ಯಾಪರೋಸ್ಕೋಪಿ ಸಹ ಆಯಿತು. ಆಮೇಲೆ ಹುಡುಗನ ವೀರ್ಯ ಪರೀಕ್ಷೆ ಮಾಡಿಸಿದರು. ತೊಂದರೆ ಇದ್ದದ್ದು ಅವನಲ್ಲಿ. ಆ ಪರೀಕ್ಷೆಗೆ ಸೂಜಿ ಚುಚ್ಚುವುದೂ ಇಲ್ಲ, ಖರ್ಚೂ ಹೆಚ್ಚಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯಿಂದಲೂ ಕಾರಣವಿರುತ್ತದೆ ಎಂದು ವೈದ್ಯರು ಹೇಳುತ್ತಾರೆ. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಬಲಿತು ಹೊರಬರಲು ಇನ್ನೂ ಕೆಲವು ದಿನ. ಆದ್ದರಿಂದ ಇಂದು ಚಟ ಬಿಟ್ಟರೆ ಫಲ ಕಾಣುವುದು ಮೂರು ತಿಂಗಳ ನಂತರ. ಜೋರು ಜ್ವರ ಬಂದು ಹೋದವರ ವರದಿ ಎರಡು ಮೂರು ತಿಂಗಳು ಕೆಟ್ಟದಾಗಿ ಬರುವುದೂ ಇದೇ ಕಾರಣಕ್ಕೆ.

ಚಟದ ವಿಷಯವನ್ನು ಮೊದಲು ಹೇಳಬೇಕು. ಸಪ್ತವ್ಯಸನಗಳಲ್ಲಿ ಮದ್ಯದ ಹೆಸರಿದೆ, ತಂಬಾಕಿನ ಹೆಸರಿಲ್ಲ. ಅದನ್ನೇ ನೆಪ ಮಾಡಿಕೊಂಡು ಅಂಗಡಿ ಗಲ್ಲೆಯ ಮೇಲೆ ಕೂತು ದಿನಕ್ಕೆ ಹತ್ತು ಚೀಟಿ ಗುಟ್ಕಾ ಹರಿಯುವ ಶ್ರಾವಕರು ನಮ್ಮಲ್ಲೇ ಇದ್ದಾರೆ. ಬೀಡಿ, ಸಿಗರೇಟು, ಜಗಿಯುವ ತಂಬಾಕು ಎಲ್ಲವೂ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ಎರಡನ್ನೂ ತಗ್ಗಿಸುತ್ತವೆ, ಅವುಗಳೊಳಗಿನ ಡಿಎನ್‌ಎಗೂ ಹಾನಿ ಮಾಡುತ್ತವೆ. ಹೊರಗಿನ ಊರಿನಲ್ಲಿ ಕೆಲಸಕ್ಕಿರುವ ಹುಡುಗರ ಮದ್ಯಪಾನದ ಬಗ್ಗೆ ನಾನು ಬರೆಯಬೇಕಾಗಿಲ್ಲ, ಮನೆಯವರಿಗೇ ಗೊತ್ತು.

ಇನ್ನು ಆಹಾರ. ಸಸ್ಯಾಹಾರದಿಂದ ಗಂಡಸುತನ ಕುಗ್ಗುತ್ತದೆ, ಮೊಟ್ಟೆ ತಿನ್ನಿಸಿ ಎಂದು ಸಲಹೆ ಕೊಡುವವರು ಬಹಳ. ಹೆದರಬೇಕಾಗಿಲ್ಲ, ಆದರೆ ಕೆಲವು ಕಡೆ ಎಚ್ಚರ ಬೇಕು. ವಿಟಮಿನ್ ಬಿ12 ಕಾಳು-ಸೊಪ್ಪುಗಳಲ್ಲಿ ಇಲ್ಲ. ನಮಗೆ ಅದು ಹಾಲು, ಮೊಸರು, ಮಜ್ಜಿಗೆಯಿಂದಲೇ ಬರಬೇಕು. ಹಾಲನ್ನೂ ಬಿಟ್ಟವರು ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳುವುದು ಲೇಸು. ಸತು ಎಂಬ ಖನಿಜ ಎಳ್ಳು, ಕುಂಬಳ ಬೀಜ, ಗೋಡಂಬಿ, ಕಡಲೆ, ಹೆಸರುಕಾಳಿನಲ್ಲಿದೆ. ಕಾಳು ನೆನೆಸಿ ಬೇಯಿಸಿದರೆ ಅದು ಮೈಗೆ ಹೆಚ್ಚು ಹತ್ತುತ್ತದೆ. ಗಜ್ಜರಿ ಬಿಟ್ಟವರಿಗೆ ನುಗ್ಗೆ ಸೊಪ್ಪು, ಪಪ್ಪಾಯಿ, ಸಿಹಿ ಕುಂಬಳಕಾಯಿ ಇದೆ. ಸಿ ವಿಟಮಿನ್‌ಗೆ ನೆಲ್ಲಿಕಾಯಿಗಿಂತ ಅಗ್ಗದ್ದು ಯಾವುದಿದೆ?

ಅಕ್ರೋಟಿನ ಹೆಸರು ಈಗ ಎಲ್ಲರ ಬಾಯಲ್ಲಿದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಕರಿಗೆ ದಿನಕ್ಕೆ 75 ಗ್ರಾಂನಂತೆ 12 ವಾರ ಅಕ್ರೋಟು ಕೊಟ್ಟಾಗ ವೀರ್ಯಾಣುಗಳ ಚಲನೆ ಮತ್ತು ಆಕಾರ ಸುಧಾರಿಸಿತು. ಅವರು ಆರೋಗ್ಯವಂತರು ಎಂಬುದನ್ನು ಮರೆಯಬಾರದು. ಅದರಿಂದ ಮಕ್ಕಳಾದವು ಎಂದು ಆ ಅಧ್ಯಯನ ಹೇಳಿಲ್ಲ. ದಿನಕ್ಕೆ 75 ಗ್ರಾಂ ಎಂದರೆ ತಿಂಗಳಿಗೆ ಎರಡೂಕಾಲು ಕಿಲೋ, ದರ ವ್ಯಾಪಾರಿಗಳಿಗೆ ಗೊತ್ತೇ ಇದೆ. ಒಂದು ಹಿಡಿ ಶೇಂಗಾ-ಅಕ್ರೋಟು, ಒಂದು ಚಮಚ ಅಗಸಿ ಪುಡಿ ತಿಂದುಕೊಂಡಿದ್ದರೆ ಸಾಕೆಂಬುದು ನನ್ನ ಅಭಿಪ್ರಾಯ.

ಶಕ್ತಿವರ್ಧಕ ಮಾತ್ರೆಗಳಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಇದನ್ನು ತಿಳಿದಿರಿ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಗಂಡಸರಿಗೆ ಆರು ತಿಂಗಳು ಫೋಲಿಕ್ ಆಸಿಡ್ ಮತ್ತು ಸತುವಿನ ಮಾತ್ರೆ ಕೊಟ್ಟರೂ ವೀರ್ಯದ ಗುಣಮಟ್ಟವಾಗಲಿ ಜನಿಸಿದ ಮಕ್ಕಳ ಸಂಖ್ಯೆಯಾಗಲಿ ಹೆಚ್ಚಲಿಲ್ಲ. ನಮ್ಮವರಿಗೆ ಇನ್ನೊಂದು ಮಾತು: ಮೆತ್ತನೆಯ ಕ್ಯಾಪ್ಸೂಲುಗಳ ಹೊದಿಕೆ ಬಹುತೇಕ ಪ್ರಾಣಿಜನ್ಯ ಜಿಲೆಟಿನ್, ಒಮೆಗಾ-3 ಎಂದರೆ ಹೆಚ್ಚಾಗಿ ಮೀನೆಣ್ಣೆ, ಹಲವು ಲೇಹಗಳಲ್ಲಿ ಜೇನುತುಪ್ಪ. ಮಧು ತ್ಯಾಗ ಮಾಡಿದವರು ಚೀಟಿ ಓದಿ ಕೊಳ್ಳಿರಿ. ಪಾಚಿಯಿಂದ ತಯಾರಿಸಿದ ಒಮೆಗಾ-3 ಸಹ ಸಿಗುತ್ತದೆ.

ವೃಷಣಗಳು ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಬಿಗಿ ಒಳಉಡುಪು, ತೊಡೆಯ ಮೇಲೆ ಲ್ಯಾಪ್‌ಟಾಪ್, ಒಲೆ-ಭಟ್ಟಿಯ ಮುಂದೆ ದಿನವಿಡೀ ಕೆಲಸ, ಇವು ಒಳ್ಳೆಯದಲ್ಲ. ಕೂತೇ ದುಡಿಯುವ ನಮ್ಮವರಿಗೆ ಹೊಟ್ಟೆ ಬೇಗ ಬರುತ್ತದೆ. ಆ ಕೊಬ್ಬು ಗಂಡಸಿನ ಹಾರ್ಮೋನನ್ನು ಹೆಣ್ಣಿನ ಹಾರ್ಮೋನಾಗಿ ಬದಲಿಸುತ್ತದೆ. ಸೂರ್ಯಾಸ್ತದೊಳಗೆ ಊಟ ಮುಗಿಸುವವರು ಒಂದು ಗಂಟೆ ನಡೆದರೂ ಆಯಿತು. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಲೇಬೇಕು.

ಜಿಮ್ಮಿಗೆ ಹೋಗುವ ಹುಡುಗರು ತೆಗೆದುಕೊಳ್ಳುವ ಟೆಸ್ಟೋಸ್ಟೆರೋನ್, ಸ್ಟಿರಾಯ್ಡ್ ಚುಚ್ಚುಮದ್ದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ಮೈ ಕಟ್ಟು ನೋಡಿ ಮೋಸ ಹೋಗಬೇಡಿ.

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಬೇಕು. ವೀರ್ಯ ಕೊಡುವ ಮೊದಲು 2ರಿಂದ 7 ದಿನ ಬ್ರಹ್ಮಚರ್ಯ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, 42 ಶೇಕಡಾ ಚಲನೆ ಎಂಬುದು ಕೆಳಗಿನ ಗಡಿ. ಅದಕ್ಕಿಂತ ಕಡಿಮೆ ಬಂತೆಂದು ಎದೆಗುಂದಬೇಡಿ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. ವೃಷಣದ ರಕ್ತನಾಳ ಉಬ್ಬುವ ವೆರಿಕೋಸೀಲ್ ಇದ್ದರೆ ಯಾವ ಪಥ್ಯದಿಂದಲೂ ಹೋಗದು. ಆಗ ಮೂತ್ರಾಂಗ ಶಸ್ತ್ರಚಿಕಿತ್ಸಕರನ್ನು, ಅಂದರೆ ಯೂರಾಲಜಿಸ್ಟರನ್ನು ಕಾಣಬೇಕು. ಮೇಲೆ ಹೇಳಿದ ಹುಡುಗನಿಗೆ ಇದ್ದದ್ದೂ ಅದೇ.