ತಿದಿಯ ಮೇಲೆ ಹಾರಿದ ವಿಮಾನ

ಪ್ರಬಂಧದ ಅಧ್ಯಾಯ ಮುಂದೆ ಸಾಗದ ರಾತ್ರಿಗಳಲ್ಲಿ ನಾನು ಹಾಸ್ಟೆಲ್ ಕೋಣೆಯಲ್ಲಿ ಕೂತು ವಿಮಾನ ಹಾರಿಸುತ್ತೇನೆ. ಲ್ಯಾಪ್‌ಟಾಪು, ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ಕು, ಅಷ್ಟೇ. ನಿಜವಾಗಿ ಕಲಿಯುವ ಆಸೆಯೇನೋ ಇದೆ. ಆದರೆ ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟವಾಗಬೇಕು. ನನ್ನ ಫೆಲೋಶಿಪ್ಪಿನಲ್ಲಿ ಅದು ಆಗುವ ಮಾತಲ್ಲ. ಈ ಹವ್ಯಾಸದ ಬೇರು ಹುಡುಕಿಕೊಂಡು ಹೋದರೆ ಅಲ್ಲಿ ಸಿಕ್ಕವನೂ ದುಡ್ಡಿನ ಲೆಕ್ಕ ಹಾಕುತ್ತಿದ್ದ ಹುಡುಗನೇ.

ಎಡ್ವಿನ್ ಲಿಂಕ್ ಹುಟ್ಟಿದ್ದು 1904ರಲ್ಲಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಅವನ ಅಪ್ಪನಿಗೆ ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಮೂಕಿ ಚಿತ್ರಗಳ ಥಿಯೇಟರುಗಳಿಗೆ ಅಲ್ಲಿಂದ ವಾದ್ಯಗಳು ಹೋಗುತ್ತಿದ್ದವು. 1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 50 ಡಾಲರ್ ಕೊಟ್ಟು ಹಾರಾಟದ ಮೊದಲ ಪಾಠಕ್ಕೆ ಹೋದ. ಪೈಲಟ್ ಆಕಾಶದಲ್ಲಿ ನಾಲ್ಕು ಪಲ್ಟಿ ಹೊಡೆಸಿ ಇಳಿಸಿಬಿಟ್ಟ. ಹುಡುಗನಿಗೆ ಹಿಡಿಕೆ ಮುಟ್ಟಲೂ ಬಿಡಲಿಲ್ಲ.

ನೆಲದ ಮೇಲೇ ಅಗ್ಗವಾಗಿ ಕಲಿಯಲಾಗದೇ? ಇಪ್ಪತ್ತರ ದಶಕದ ಕೊನೆಗೆ ಲಿಂಕ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಈ ಪ್ರಶ್ನೆ ಹಿಡಿದು ಕೂತ. ಕೈಗೆ ಸಿಕ್ಕಿದ್ದು ಆರ್ಗನ್ನಿನ ಸಾಮಾನು: ಪಂಪು, ಕವಾಟ, ತಿದಿ. ನಮ್ಮ ಹಾರ್ಮೋನಿಯಮ್ಮಿನ ಬೆನ್ನಲ್ಲಿ ಉಸಿರಾಡುತ್ತದಲ್ಲ, ಅಂಥದೇ ತಿದಿ. ಮೋಟು ರೆಕ್ಕೆಯ ಮರದ ಪುಟ್ಟ ವಿಮಾನವನ್ನು ತಿದಿಗಳ ಮೇಲೆ ಕೂರಿಸಿದ. ಹಿಡಿಕೆ ವಾಲಿಸಿದರೆ ಒಂದು ತಿದಿಯ ಗಾಳಿ ಹೋಗಿ ಕುಗ್ಗುತ್ತದೆ, ವಿಮಾನ ಆ ಕಡೆ ಬಾಗುತ್ತದೆ. 1931ರಲ್ಲಿ ಪೇಟೆಂಟೂ ಸಿಕ್ಕಿತು. ಕೊಂಡವರು ಯಾರು? ಮನರಂಜನಾ ಪಾರ್ಕಿನವರು! ಸಿಮ್ಯುಲೇಟರ್ ಮೂಲತಃ ತರಬೇತಿ ಯಂತ್ರ, ಆಟ ಆಮೇಲೆ ಬಂದದ್ದು ಎಂದೇ ನಾನು ನಂಬಿದ್ದೆ. ಯಂತ್ರ ಹುಟ್ಟಿದ್ದು ತರಬೇತಿಗೇ, ಮಾರಾಟವಾದದ್ದು ಮಾತ್ರ ಮೊದಲು ಆಟಕ್ಕೆ.

ಸೇನೆಯ ಕಣ್ಣು ತೆರೆಸಿದ್ದು ಸಾವು. 1934ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ವಿಮಾನ ಅಂಚೆಯನ್ನು ಖಾಸಗಿಯವರಿಂದ ಕಿತ್ತು ಸೇನೆಗೆ ವಹಿಸಿತು. ಚಳಿಗಾಲ, ಮಂಜು, ರಾತ್ರಿ ಹಾರಾಟ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ವೈಮಾನಿಕರು ಸತ್ತರು. ಮೋಡದೊಳಗೆ ದಿಗಂತ ಕಾಣದಾಗ ಒಳಗಿವಿಯ ದ್ರವವೇ ಸುಳ್ಳು ಹೇಳುತ್ತದೆ. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ನೇರ ಮಾಡಿದರೆ ವಿರುದ್ಧ ದಿಕ್ಕಿಗೆ ತಿರುಗಿದಂತಾಗುತ್ತದೆ. ಪೈಲಟ್ ಮೈಯನ್ನು ನಂಬಿ ಮತ್ತೆ ವಾಲಿಸುತ್ತಾನೆ, ಸುತ್ತುತ್ತ ನೆಲಕ್ಕೆ ಬರುತ್ತಾನೆ. ಮೈಯನ್ನು ನಂಬದೆ ಡಯಲನ್ನು ನಂಬುವುದನ್ನು ಪ್ರಾಣ ಹೋಗದಂತೆ ಅಭ್ಯಾಸ ಮಾಡಿಸಲು ಲಿಂಕನ ಪೆಟ್ಟಿಗೆಯಲ್ಲಿ ಆಗುತ್ತಿತ್ತು. ಜೂನ್‌ನಲ್ಲಿ ಸೇನೆ ತಲಾ 3,500 ಡಾಲರಿನಂತೆ ಆರನ್ನು ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ 10,000ಕ್ಕೂ ಹೆಚ್ಚು ತಯಾರಾಗಿದ್ದವು.

ಮುಂದಿನದು ಕಂಪ್ಯೂಟರಿನ ಕತೆ, ಹಲವರಿಗೆ ಗೊತ್ತಿರುವುದೇ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ತನ್ನ 1975ರ ಪ್ರಬಂಧದ ಕೆಲಸವನ್ನೇ ಬೆಳೆಸಿ ಆಟ ಮಾಡಿದ; 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ಹೊರತಂದಿತು. (ಪ್ರಬಂಧಗಳಿಂದ ಹೀಗೂ ಆಗುತ್ತದೆ ಎಂದು ನನ್ನ ಗೈಡ್‌ಗೆ ಹೇಳಿ ನೋಡಿದ್ದೇನೆ.) ತಿದಿ ಹೋಯಿತು. ಕುರ್ಚಿ ಅಲ್ಲಾಡುವುದಿಲ್ಲ, ಉಳಿದದ್ದು ಕಣ್ಣು ಮಾತ್ರ.

ಕಳೆದ ವರ್ಷ ಗೆಳೆಯನೊಬ್ಬನ ದಯೆಯಿಂದ ಎರಡು ಸೀಟಿನ ತರಬೇತಿ ವಿಮಾನದಲ್ಲಿ ಅರ್ಧ ಗಂಟೆ ಹಾರಿದೆ. ಮೇಲೇರಿದ ಮೇಲೆ ಶಿಕ್ಷಕರು ಹಿಡಿಕೆಯನ್ನು ನನ್ನ ಕೈಗೆ ಬಿಟ್ಟರು. ನಾನು ಡಯಲುಗಳಿಂದ ಕಣ್ಣು ಕೀಳಲಿಲ್ಲ.

"ಮನೇಲಿ ಸಿಮ್ಯುಲೇಟರ್ ಆಡ್ತೀರಾ?" ಅಂದರು.

"ಹೌದು ಸಾರ್. ಹೇಗೆ ಗೊತ್ತಾಯ್ತು?"

ಅವರು ಮಡಿಲಲ್ಲಿದ್ದ ನಕ್ಷೆಯನ್ನು ತೆಗೆದು ಡಯಲುಗಳಿಗೆ ಅಡ್ಡ ಹಿಡಿದರು. "ಒಳಗೇನು ನೋಡ್ತೀರಿ, ಹೊರಗೆ ನೋಡಿ."