ಎಂಟು ಜನರಿಂದ ಲಕ್ಷದವರೆಗೆ: ನೇಪಾಳದ ವಿದೇಶ ವ್ಯಾಸಂಗದ ಜಮಾಖರ್ಚು

ಪುಣೆಯಲ್ಲಿ ನಮ್ಮ ಬಳಗದ ತಿಂಗಳ ಓದು ನಡೆಯುವ ಕಟ್ಟಡಕ್ಕೆ ಹಲವು ವರ್ಷಗಳಿಂದ ಕಾವಲಿದ್ದವರು ನೇಪಾಳದ ಕೈಲಾಲಿ ಜಿಲ್ಲೆಯವರು. ಕಟ್ಟಡದವರೆಲ್ಲ ಅವರನ್ನು ‘ಬಹಾದ್ದೂರ್’ ಎಂದೇ ಕರೆಯುತ್ತಿದ್ದರು. ಅದು ಅವರ ಹೆಸರಲ್ಲ. ನಾವೂ ಬಹುಕಾಲ ಹಾಗೆಯೇ ಕರೆದೆವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. 2024ರ ನವೆಂಬರಿನ ಒಂದು ಭಾನುವಾರ, ಓದು ಮುಗಿದು ನಾವು ಮೆಟ್ಟಿಲಿಳಿಯುತ್ತಿದ್ದಾಗ, ಅವರು ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ಮುಂದೆ ಹಿಡಿದರು. ಕಿರಿಯ ಮಗ ಪದವಿ ಓದಲು ಜಪಾನಿಗೆ ಹೊರಟಿದ್ದಾನೆ, ಲೆಕ್ಕ ಸರಿಯಿದೆಯೇ ನೋಡಿಕೊಡಿ ಎಂದರು.

ಹಾಳೆಯ ಎಡಕ್ಕೆ ಖರ್ಚು. ಭಾಷಾಶಾಲೆಯ ಮೊದಲ ವರ್ಷದ ಶುಲ್ಕ ಸುಮಾರು 8 ಲಕ್ಷ ಯೆನ್, ಅಂದರೆ ನೇಪಾಳದ ಹಣದಲ್ಲಿ 7 ಲಕ್ಷಕ್ಕೂ ಮಿಗಿಲು, ಕೋಣೆಯ ಆರು ತಿಂಗಳ ಮುಂಗಡ ಬಾಡಿಗೆ, ವಿಮಾನದ ಟಿಕೆಟ್ಟು, ಕಾಠ್ಮಂಡುವಿನ ಕನ್ಸಲ್ಟೆನ್ಸಿಯವರಿಗೆ ಸಲ್ಲುವ ಹಣ. ಬಲಕ್ಕೆ ಆದಾಯ. ಕತಾರಿನಲ್ಲಿ ದುಡಿಯುತ್ತಿರುವ ಹಿರಿಯ ಮಗ ಕಳಿಸಿದ್ದು, ತಮ್ಮ ಉಳಿತಾಯ, ಹೆಂಡತಿಯ ಬಂಗಾರ. ಕೊರತೆ ಬಿದ್ದ 3 ಲಕ್ಷದ ಎದುರು ‘ಸಾಲ’ ಎಂದಿತ್ತು. ಬಡ್ಡಿಯ ಅಂಕಣವೇ ಇರಲಿಲ್ಲ. ಎರಡನೆಯ ವರ್ಷದ ಖರ್ಚಿನ ಮುಂದೆ ಇದ್ದದ್ದು ಒಂದೇ ಮಾತು: ‘ಅವನೇ ದುಡಿಯುತ್ತಾನೆ.’

ಆ ಒಂದು ಮಾತು ನಮ್ಮನ್ನು ಇತಿಹಾಸದ ಪುಸ್ತಕಗಳ ಕಡೆಗೆ ಅಟ್ಟಿತು. ಏಕೆಂದರೆ ನೇಪಾಳದ ದರಬಾರು ಮೊತ್ತಮೊದಲು ಉನ್ನತ ಶಿಕ್ಷಣಕ್ಕೆಂದು ವಿದ್ಯಾರ್ಥಿಗಳ ತಂಡವೊಂದನ್ನು ಕಡಲಾಚೆಗೆ ಕಳಿಸಿದ್ದೂ ಜಪಾನಿಗೇ. 1902ರಲ್ಲಿ ಎಂಟು ಮಂದಿ ತರುಣರು ಕಲ್ಕತ್ತೆಯಿಂದ ಹಡಗು ಹತ್ತಿದರು. ಈ ಯೋಚನೆಯನ್ನು ಮೊದಲು ಮಾಡಿದವನು 1901ರಲ್ಲಿ 114 ದಿನ ಮಾತ್ರ ಪ್ರಧಾನಿಯಾಗಿದ್ದ ದೇವ ಶಮ್ಶೇರ್ ಎಂದು ಹೇಳುತ್ತಾರೆ. ಅವನನ್ನು ಪದಚ್ಯುತಗೊಳಿಸಿದ ತಮ್ಮ ಚಂದ್ರ ಶಮ್ಶೇರನ ಕಾಲದಲ್ಲಿ ಅದು ನಡೆಯಿತು. ಗಣಿ, ಕೃಷಿ, ಶಸ್ತ್ರನಿರ್ಮಾಣದಂಥ ವಿಷಯಗಳನ್ನು ಅವರು ಕಲಿಯಬೇಕಿತ್ತು. ಇಂಗ್ಲೆಂಡಿಗೆ ಬಿಟ್ಟು ಜಪಾನಿಗೇ ಏಕೆ? ಚಕ್ರವರ್ತಿಯ ಪೀಠ ಅಲುಗಾಡದಂತೆ ಉಳಿಸಿಕೊಂಡು ಯಂತ್ರವಿದ್ಯೆಯನ್ನು ಕಲಿತ ದೇಶವದು. ರಾಣಾ ದೊರೆಗಳಿಗೆ ಬೇಕಾಗಿದ್ದುದೂ ಅಷ್ಟೇ ಎಂದು ನಮಗೆ ತೋರುತ್ತದೆ. ಅವರು ಮರಳಿ ಬಂದಾಗ ಜಪಾನಿನ ಕಾಕಿ ಹಣ್ಣು, ಸೇವಂತಿಗೆಗಳ ಸಸಿಗಳನ್ನು ತಂದರೆಂಬ ಮಾತು ಕಾಠ್ಮಂಡುವಿನಲ್ಲಿ ಇಂದಿಗೂ ಪ್ರಚಲಿತ. ಅವರು ತಂದ ವಿದ್ಯೆಗಿಂತ ಸಸಿಗಳ ನೆನಪು ಹೆಚ್ಚು ಉಳಿದಿರುವುದು ಅಷ್ಟೇನೂ ಸೋಜಿಗವಲ್ಲ. ಆಧುನಿಕ ಗಣಿಗಾರಿಕೆ ಬೇರೂರದ ನಾಡಿಗೆ ಗಣಿ ಎಂಜಿನಿಯರನು ಮರಳಿದರೆ ಮಾಡುವುದಾದರೂ ಏನು?

ಆ ಎಂಟು ಜನರ ಮನೆಯವರು ಹೊಲ ಮಾರಬೇಕಾಗಲಿಲ್ಲ. ಖರ್ಚೆಲ್ಲ ದರಬಾರಿನದು, ಆದ್ದರಿಂದಲೇ ಯಾರು ಹೋಗಬೇಕು, ಏನು ಓದಬೇಕು, ಎಂದು ಮರಳಬೇಕು ಎಂಬುದೂ ದರಬಾರಿನದೇ ಆಗಿತ್ತು.

ದರಬಾರಿನ ಕೃಪೆಯಿಲ್ಲದವರಿಗೆ ‘ವಿದೇಶ’ವೆಂದರೆ ಹಿಂದುಸ್ಥಾನ. 1850ರಲ್ಲಿ ಇಂಗ್ಲೆಂಡಿಗೆ ಹೋಗಿಬಂದ ಜಂಗ್ ಬಹಾದ್ದೂರ್ 1854ರಲ್ಲಿ ತನ್ನ ಮನೆತನದ ಮಕ್ಕಳಿಗಾಗಿ ದರಬಾರ್ ಶಾಲೆಯನ್ನು ತೆರೆದನಾದರೂ, ಅದಕ್ಕೆ ಮೇಲ್ಪಟ್ಟ ಓದಿಗೆ ಕಲ್ಕತ್ತೆ ವಿಶ್ವವಿದ್ಯಾಲಯವನ್ನೇ ನೆಚ್ಚಬೇಕಿತ್ತು. ನೇಪಾಳದ ಮೊದಲ ಕಾಲೇಜು, ತ್ರಿಚಂದ್ರ, ತೆರೆದದ್ದು 1918ರಲ್ಲಿ. ಅದನ್ನು ತೆರೆದ ದಿನ, ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತಾಯಿತೆಂದು ಚಂದ್ರ ಶಮ್ಶೇರ್ ನಿಟ್ಟುಸಿರಿಟ್ಟನೆಂಬ ಐತಿಹ್ಯವಿದೆ. ಆ ಕಾಲೇಜಿನ ಪರೀಕ್ಷೆ, ಪದವಿಗಳೂ ಮೊದಲು ಕಲ್ಕತ್ತೆಯವು, ಮುಂದೆ ಪಾಟ್ನಾದವು.

ಕಣಿವೆಯಿಂದ ಹೊರಡುವವನು ಬೆಟ್ಟಗಳನ್ನು ನಡೆದೇ ದಾಟಬೇಕು. ಕೈಯಲ್ಲಿ ಸರಕಾರದ ರಾಹದಾನಿ ಇರಬೇಕು. ಹಾಸಿಗೆ ಪೆಟ್ಟಿಗೆಗಳನ್ನು ಹೊರುವ ಭರಿಯಾನಿಗೆ ಕೂಲಿ ಕೊಡಬೇಕು. ತರಾಯಿಗಿಳಿದ ಮೇಲೆ ರಕ್ಸೌಲಿನಲ್ಲಿ ರೈಲು. ಕಾಶಿ ತಲಪಿದರೆ ಖರ್ಚು ಹಗುರ: ಲಲಿತಾ ಘಾಟಿನ ನೇಪಾಳಿ ಮಂದಿರದ ಆಸರೆ, ಅನ್ನಛತ್ರಗಳ ಊಟ, ಸಂಸ್ಕೃತ ಪಾಠಶಾಲೆಗಳಲ್ಲಿ ಶುಲ್ಕವಿಲ್ಲದ ಪಾಠ. ವಾರಾನ್ನ ಉಂಡು ಓದಿದ ಹಿರಿಯರ ಕಥೆ ಕೇಳಿ ಬೆಳೆದ ನಮಗೆ ಈ ಬಜೆಟ್ಟು ಅಪರಿಚಿತವಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕೆ ಮುಂಚೆ ಅಲ್ಲಿಯ ಹುಡುಗರಿಗೂ ಪದವಿಯೆಂದರೆ ಪರಭಾಷೆಯ ಪರಊರು. ತ್ರಿಚಂದ್ರ ತೆರೆದ 1918ರಲ್ಲೇ ಬೇಂದ್ರೆಯವರು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಆಗಿ ಹೊರಬಂದರು.

ಆದರೆ ಕಾಶಿಯಲ್ಲಿ ನೇಪಾಳದವರು ಕಲಿತದ್ದು ಪಠ್ಯವನ್ನಷ್ಟೇ ಅಲ್ಲ. ರಾಣಾಗಳ ಕೋಪಕ್ಕೆ ತುತ್ತಾಗಿ ಆಸ್ತಿ ಕಳೆದುಕೊಂಡ ಕೊಯಿರಾಲಾ ಕುಟುಂಬ ಗಡಿಪಾರಾಗಿ ಅಲ್ಲಿ ಕಷ್ಟದಲ್ಲಿ ಬಾಳಿತು. ಆ ಮನೆಯ ಮಗ ಬಿ. ಪಿ. ಕೊಯಿರಾಲಾ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಕಲ್ಕತ್ತೆಯಲ್ಲಿ ಕಾನೂನು ಮುಗಿಸಿ, 1959ರಲ್ಲಿ ನೇಪಾಳದ ಮೊದಲ ಚುನಾಯಿತ ಪ್ರಧಾನಿಯಾದರು. ದರಬಾರಿನ ದುಡ್ಡಿನಲ್ಲಿ ಓದಿದವರು ದರಬಾರಿಗೆ ಮರಳಿದರು. ದರಬಾರನ್ನು ಉರುಳಿಸಿದವರು ಬಡತನದಲ್ಲಿ ಓದಿದವರ ಸಾಲಿನಿಂದ ಬಂದರು. ಇದನ್ನು ನಿಯಮವೆಂದು ಸಾರುವ ಧೈರ್ಯ ನಮಗಿಲ್ಲವಾದರೂ, ಮರೆಯಲೂ ಆಗದು.

1951ರಲ್ಲಿ ರಾಣಾ ಆಡಳಿತ ಮುಗಿದಾಗ ಆ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ ಐವರ ಆಸುಪಾಸು. ಆಮೇಲಿನ ನಾಲ್ಕು ದಶಕ ಖರ್ಚು ಹೊತ್ತವರು ಮುಖ್ಯವಾಗಿ ಆತಿಥೇಯ ದೇಶಗಳು. ಕೊಲಂಬೊ ಯೋಜನೆಯ ಹೆಸರಿನಲ್ಲಿ ಭಾರತ ಕರೆಯಿತು. ಶಿಕ್ಷಕರ ತರಬೇತಿಗೆಂದು ಅಮೆರಿಕದ ಒರೆಗಾನ್ ಕರೆಯಿತು. ವೈದ್ಯರನ್ನೂ ಎಂಜಿನಿಯರರನ್ನೂ ಮಾಡಿಕೊಡಲು ಮಾಸ್ಕೋ ಕರೆಯಿತು. ಶೀತಲ ಸಮರದ ಪೈಪೋಟಿ ಬಡ ದೇಶದ ಬುದ್ಧಿವಂತ ಮಕ್ಕಳಿಗೆ ಒದಗಿಬಂದ ಅಪೂರ್ವ ಕಾಲವದು. ಸೀಟುಗಳು ಮಾತ್ರ ಎಣಿಕೆಯವು, ಶಿಫಾರಸು ಇದ್ದವರಿಗೆ ಹತ್ತಿರದವು.

ಸ್ವಂತ ಖರ್ಚಿನಲ್ಲಿ ಓದುವವರಿಗೆ ಆಗಲೂ ಭಾರತವೇ ಗತಿ, ಮತ್ತು ಅವರ ಪಾಲಿಗೆ ರೂಪಾಯಿಯ ದರವೇ ವಿಧಿ. ನೇಪಾಳಿಗಳ ಮಾತಿನಲ್ಲಿ ನಮ್ಮ ರೂಪಾಯಿ ‘ಭಾರು’, ಅವರದು ‘ನೇರು’. 1960ರಲ್ಲಿ 100 ಭಾರುವಿಗೆ 160 ನೇರು ಎಂದು ಗೊತ್ತಾಯಿತು. 1966ರ ಜೂನ್ 6ರಂದು ಭಾರತ ತನ್ನ ರೂಪಾಯಿಯನ್ನು ಅಪಮೌಲ್ಯಗೊಳಿಸಿತು, ನೇಪಾಳ ಅನುಸರಿಸಲಿಲ್ಲ. ಪಾಟ್ನಾದಲ್ಲಿ ಓದುವ ಮಗನಿಗೆ ತಿಂಗಳಿಗೆ 100 ಭಾರು ಕಳಿಸುವ ತಂದೆಯೊಬ್ಬನಿದ್ದನೆನ್ನಿ. ಮೇ ತಿಂಗಳಲ್ಲಿ 160 ನೇರು ಕೊಟ್ಟವನು ಜುಲೈಯಲ್ಲಿ 101ರ ಆಸುಪಾಸಿನಲ್ಲಿ ಅದನ್ನೇ ಕಳಿಸಬಹುದಿತ್ತು. ಈ ಭಾಗ್ಯ ಬಾಳಿದ್ದು ಒಂದೂವರೆ ವರ್ಷ. 1967ರ ಡಿಸೆಂಬರಿನಲ್ಲಿ ನೇಪಾಳವೂ ಅಪಮೌಲ್ಯ ಮಾಡಿ, 100 ಭಾರು 135 ನೇರು ಆಯಿತು. ಮುಂದೆಯೂ ಏರಿಳಿದು, 1993ರಲ್ಲಿ ಮತ್ತೆ 160ಕ್ಕೆ ಬಂದು ನಿಂತದ್ದು ಇಂದಿಗೂ ಕದಲಿಲ್ಲ.

ಭಾರತದಲ್ಲಿ ಓದುವವನಿಗೆ ಈ ಸ್ಥಿರತೆ ವರವೇ. ಬೆಂಗಳೂರಿಗೂ ಮಂಗಳೂರಿಗೂ ನೇಪಾಳದ ಮಕ್ಕಳು ನರ್ಸಿಂಗ್, ಎಂಜಿನಿಯರಿಂಗ್ ಓದಲು ಬರುವುದಕ್ಕೆ ಇದೂ ಒಂದು ಕಾರಣ. 1994ರಲ್ಲಿ ಮಣಿಪಾಲದವರು ಪೋಖರಾದಲ್ಲೇ ವೈದ್ಯಕೀಯ ಕಾಲೇಜು ತೆರೆದರು. ಡಾಲರ್ ದೇಶಗಳಿಗೆ ಹೊರಟವನ ಪಾಡು ಬೇರೆ. 2013ರ ಮೇ ತಿಂಗಳಿಂದ ಆಗಸ್ಟ್ ಕೊನೆಯೊಳಗೆ ನಮ್ಮ ರೂಪಾಯಿ ಡಾಲರಿಗೆ 54ರಿಂದ 68ಕ್ಕೆ ಕುಸಿಯಿತು. ಅದಕ್ಕೆ ಕಟ್ಟಿಹಾಕಿದ ನೇರು ತಾನಾಗಿಯೇ 86ರಿಂದ 109ಕ್ಕೆ ಜಾರಿತು. ವರ್ಷಕ್ಕೆ 10,000 ಡಾಲರ್ ಶುಲ್ಕ ಕಟ್ಟುವ ಮನೆಗೆ ನಾಲ್ಕು ತಿಂಗಳಲ್ಲಿ 2.3 ಲಕ್ಷ ನೇರು ಹೊಸ ಹೊರೆ. ಮುಂಬಯಿಯ ಪೇಟೆಯಲ್ಲಿ ರೂಪಾಯಿ ಎಡವಿದರೆ ಝಾಪಾದ ರೈತನೊಬ್ಬನ ಮಗಳ ಸಿಡ್ನಿಯ ಓದು ನಿಲ್ಲಬಹುದೆಂಬುದನ್ನು, ಪಶುಪತಿನಾಥನ ಪೂಜೆಗೆ ನಮ್ಮ ಕರಾವಳಿಯ ಭಟ್ಟರು ಹೋಗುತ್ತಾರೆಂದು ಹೆಮ್ಮೆಪಡುವ ನಾವು ಯೋಚಿಸಿಯೇ ಇರಲಿಲ್ಲ.

1990ರ ಪ್ರಜಾಪ್ರಭುತ್ವದ ಅನಂತರ ಬಾಗಿಲು ತೆರೆಯಿತು. ಪುತಲಿಸಡಕಿನ ಇಕ್ಕೆಲಗಳಲ್ಲಿ ಕನ್ಸಲ್ಟೆನ್ಸಿಗಳ ಫಲಕಗಳು ಒಂದರ ಮೇಲೊಂದು ಏರಿದವು. ಹಿಂದೆ ಹೊರಡಲು ರಾಹದಾನಿ ಬೇಕಿತ್ತು. ಈಗ ಶುಲ್ಕದ ಹಣ ಹೊರಡಲು ಸರಕಾರದ ನಿರಾಕ್ಷೇಪಣಾ ಪತ್ರ ಬೇಕು. 2023-24ರ ಒಂದೇ ಹಣಕಾಸು ವರ್ಷದಲ್ಲಿ ಅಂಥ ಪತ್ರ ಪಡೆದವರು 1.12 ಲಕ್ಷ ಮಂದಿ. ಓದಿಗಾಗಿ ಹೊರಹರಿದದ್ದು 12,500 ಕೋಟಿ ನೇರು. ಹೋಗುವವನನ್ನು ಈಗ ಯಾವ ದೊರೆಯೂ ಆರಿಸುವುದಿಲ್ಲ, ಅವನ ಖರ್ಚನ್ನೂ ಹೊರುವುದಿಲ್ಲ. ಆಸ್ಟ್ರೇಲಿಯಾ ವೀಸಾ ಅರ್ಜಿಯ ಶುಲ್ಕವೊಂದನ್ನೇ 2024ರ ಜುಲೈಯಲ್ಲಿ 710 ಡಾಲರಿನಿಂದ 1,600ಕ್ಕೆ ಏರಿಸಿತು. ವೀಸಾ ಸಿಗದಿದ್ದರೂ ಆ ಹಣ ಮರಳದು.

ಈ ಹಣದ ಒಂದು ಪಾಲು ಕೊಲ್ಲಿಯ ಬಿಸಿಲಲ್ಲಿ ದುಡಿದ ಅಣ್ಣಂದಿರದು. ಒಂದು ಪಾಲು ಬ್ಯಾಂಕಿನದು. ಬ್ಯಾಂಕು ಒಲ್ಲದವರ ಪಾಲಿಗೆ ಸಾಹುಕಾರನದು. ತರಾಯಿಯಲ್ಲಿ ಆ ಬಡ್ಡಿಗೆ ‘ಮಿಟರ್‌ಬ್ಯಾಜ್’ ಎನ್ನುತ್ತಾರೆ. ನಮ್ಮೂರ ಮೀಟರ್ ಬಡ್ಡಿಯೇ, ಹೆಸರಿನಲ್ಲೂ ಗುಣದಲ್ಲೂ. ಅದರಲ್ಲಿ ಬೆಂದವರು 2023ರಲ್ಲಿ ಕಾಠ್ಮಂಡುವಿಗೆ ಕಾಲ್ನಡಿಗೆಯಲ್ಲಿ ಹೋಗಿ ಸರಕಾರದ ಬಾಗಿಲು ಬಡಿದಿದ್ದರು.

ಮುಂದಿನ ಭಾನುವಾರ ಹಾಳೆಯನ್ನು ಮತ್ತೆ ಬಿಡಿಸಿ ಕುಳಿತೆವು. ಜಪಾನಿನಲ್ಲಿ ವಿದ್ಯಾರ್ಥಿ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಟೋಕಿಯೊದ ಕನಿಷ್ಠ ಕೂಲಿ ಆಗ ಗಂಟೆಗೆ 1,163 ಯೆನ್. ನಾಲ್ಕು ವಾರಕ್ಕೆ 1,30,256. ಕೋಣೆಯನ್ನು ಮೂವರು ಹಂಚಿಕೊಂಡು, ಅಡುಗೆ ತಾವೇ ಮಾಡಿಕೊಂಡರೂ ತಿಂಗಳ ಖರ್ಚನ್ನು 80 ಸಾವಿರದ ಕೆಳಗೆ ಇಳಿಸಲು ನಮ್ಮಿಂದಾಗಲಿಲ್ಲ. ಉಳಿಯುವ 50 ಸಾವಿರ ವರ್ಷಕ್ಕೆ 6 ಲಕ್ಷ. ಎರಡನೆಯ ವರ್ಷದ ಶುಲ್ಕ 7 ಲಕ್ಷ. ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆ ದುಡಿಯಲು ಅನುಮತಿಯಿದೆ, ಆ ಕೊರತೆ ಹೇಗೋ ತುಂಬೀತು. ಆದರೆ ಸಾಲದ ಬಡ್ಡಿ? ಕೇಳಿದೆವು. ನೂರಕ್ಕೆ ತಿಂಗಳಿಗೆ ಮೂರು ಎಂದರು. 3 ಲಕ್ಷಕ್ಕೆ ತಿಂಗಳಿಗೆ 9 ಸಾವಿರ ನೇರು, ಸುಮಾರು 10 ಸಾವಿರ ಯೆನ್. ಹುಡುಗ ಜ್ವರ ಬಂದು ಒಂದು ವಾರ ಮಲಗಿದರೂ ಅಸಲು ಇದ್ದಲ್ಲೇ ಇದ್ದು ಬಡ್ಡಿ ಬೆಳೆಯುತ್ತದೆ. ಇದೆಲ್ಲ ಭಾಷಾಶಾಲೆಯ ಮಾತು. ಪದವಿಯ ನಾಲ್ಕು ವರ್ಷ ಇನ್ನೂ ಆರಂಭವೇ ಆಗಿಲ್ಲ.

ಸಾಲ ಬೇಡ, ಒಂದು ವರ್ಷ ತಡೆದು ಹೋಗಲಿ ಎಂದು ನಮ್ಮಲ್ಲಿ ಕೆಲವರು ಹೇಳಿದರು. ಬೆಂಗಳೂರಿನಲ್ಲೇ ಓದಿಸಬಾರದೇ ಎಂದರು ಇನ್ನು ಕೆಲವರು. ಅವರು ಸಮಾಧಾನದಿಂದ ಕೇಳಿಸಿಕೊಂಡು, “ಸಾಹೇಬ್, ನಾನು ಹಿಂದುಸ್ಥಾನಕ್ಕೆ ಬಂದು ಈ ಗೇಟಿನಲ್ಲಿ ಕೂತೆ. ಅವನೂ ಇಲ್ಲಿಗೇ ಬರುವುದು ಬೇಡ” ಎಂದರು. ಅದಕ್ಕೆ ಲೆಕ್ಕದಲ್ಲಿ ಉತ್ತರವಿರಲಿಲ್ಲ. ಊರಿನಲ್ಲಿ 10 ಕಟ್ಠಾ ಹೊಲವಿದೆಯೆಂಬುದು ತಿಳಿದದ್ದು ಆಗಲೇ. ಅದನ್ನು ಅವರು ಹಾಳೆಯಲ್ಲಿ ಬರೆದಿರಲಿಲ್ಲ. ಬಡ್ಡಿಗೆ ತರುವುದಕ್ಕಿಂತ ಅರ್ಧ ಹೊಲ ಮಾರುವುದೇ ಲೇಸೆಂದು ಕೊನೆಗೆ ನಾವೇ ಹೇಳಬೇಕಾಯಿತು, ಹೇಳಿದ ಮೇಲೆ ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಜಪಾನಿನ ಅರ್ಹತಾಪತ್ರ ಬಂತು. ಮಾರ್ಚ್ ಮೊದಲ ವಾರ ಅವರು ಹೊಲದ ಕಾಗದಕ್ಕೆ ರುಜು ಹಾಕಲು ಕೈಲಾಲಿಗೆ ಹೋದರು. ಹದಿನೈದು ದಿನದ ರಜೆ ಸಿಗದ ಕಾರಣ ಕೆಲಸವನ್ನೇ ಬಿಡಬೇಕಾಯಿತು. ಈಗ ಗೇಟಿನಲ್ಲಿ ಕೂರುವವರು ಅಛಾಮ್ ಜಿಲ್ಲೆಯವರು. ಅವರ ಹೆಸರನ್ನು ನಾವು ಮೊದಲ ದಿನವೇ ಕೇಳಿಕೊಂಡೆವು.