ಇಂಗ್ಲಿಷ್ ಸಾಲಿಯ ಹೊಸ್ತಿಲು

ಐದನೆಯ ತರಗತಿಯಲ್ಲಿ ಓದುವ ಮಗುವಿರುವ ಮನೆಗಳಲ್ಲಿ ಇಂದು ಮೂರು ಹೆಸರುಗಳು ಪದೇಪದೇ ಕೇಳಿಬರುತ್ತವೆ: ನವೋದಯ, ಮೊರಾರ್ಜಿ, ಆದರ್ಶ. ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳಲ್ಲಿ ಈ ಹೆಸರುಗಳಿಗೆ ಇನ್ನಷ್ಟು ತೂಕ. ಈ ಮೂರು ಬಗೆಯ ಶಾಲೆಗಳಿಗೂ ಆರನೆಯ ತರಗತಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ಹತ್ತು ವರ್ಷದ ಮಗು ಗೈಡು ಹಿಡಿದು ಕೂರುತ್ತದೆ, ತಂದೆತಾಯಿ ಕೋಚಿಂಗ್ ತರಗತಿ ಹುಡುಕುತ್ತಾರೆ.

ಇದು ಇತ್ತೀಚಿನ ಗಡಿಬಿಡಿ ಎಂದು ಅನೇಕರು ತಿಳಿದಿದ್ದಾರೆ. ಆದರೆ ಈ ಭಾಗದ ಮಕ್ಕಳಿಗೆ ಇಂಗ್ಲಿಷ್ ಕಲಿಕೆಯ ಬಾಗಿಲಲ್ಲಿ ಪರೀಕ್ಷೆ ಎದುರಾಗುತ್ತಿರುವುದು ಬ್ರಿಟಿಷರ ಕಾಲದಿಂದ. ಈ ಬಾಗಿಲು ಒಂದೇ ಕಡೆ ನಿಂತಿಲ್ಲ. ಒಮ್ಮೆ ನಾಲ್ಕನೆಯ ಇಯತ್ತೆ ಮುಗಿದ ಮೇಲೆ, ಮತ್ತೊಮ್ಮೆ ಏಳು ಮುಗಿದ ಮೇಲೆ, ಈಗ ಒಂದನೆಯ ತರಗತಿಯಲ್ಲೇ ಎಂಬಂತೆ ಸರಿದಾಡಿದೆ. ಸರಿಯದೆ ಉಳಿದದ್ದು ಒಂದೇ ಪ್ರಶ್ನೆ. ಓದಲು ಪರಊರಿಗೆ ಹೋಗುವ ಮಗು ಎಲ್ಲಿ ಇರಬೇಕು, ಏನು ಉಣ್ಣಬೇಕು? ಈ ಮೂರು ಊರುಗಳ ಮಟ್ಟಿಗೆ ಇಂಗ್ಲಿಷ್ ಕಲಿಕೆಯ ಇತಿಹಾಸವೆಂದರೆ ವ್ಯಾಕರಣದ ಇತಿಹಾಸ ಎಷ್ಟೋ ಅಷ್ಟೇ ಅನ್ನ–ವಸತಿಯ ಇತಿಹಾಸವೂ ಹೌದು.

ಮೋಡಿಯಿಂದ ಮೆಟ್ರಿಕ್‌ವರೆಗೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಬ್ರಿಟಿಷರ ಕೈಸೇರಿತು. ಆಗ ಕಚೇರಿಯ ಭಾಷೆ ಮರಾಠಿ, ಲೆಕ್ಕಪತ್ರದ ಲಿಪಿ ಮೋಡಿ. ಜನರ ಮಾತು ಕನ್ನಡವಾದರೂ ಸರಕಾರ ತೆರೆದ ಶಾಲೆಗಳಲ್ಲಿ ಮರಾಠಿಯೇ ನಡೆಯಿತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1830ರ ದಶಕದಲ್ಲಿ ಸ್ವಂತ ಖರ್ಚಿನಿಂದ ಕನ್ನಡ ಶಾಲೆ ನಡೆಸಿದ. ಮುಂದೆ ಶಿಕ್ಷಣ ಇಲಾಖೆಯಲ್ಲಿ ರಸೆಲ್ ಅವರಂತಹ ಅಧಿಕಾರಿಗಳ ಬೆಂಬಲವಿತ್ತು. ಡೆಪ್ಯುಟಿ ಚನ್ನಬಸಪ್ಪನವರ (1834–1881) ದುಡಿಮೆಯಿಂದ ಊರೂರಿಗೆ ಕನ್ನಡ ಸಾಲಿಗಳು ಬಂದವು. ಅಂದರೆ ರೋಣದ ಹುಡುಗನಿಗೆ ತಾಯ್ನುಡಿಯಲ್ಲಿ ಅಕ್ಷರ ಕಲಿಯುವ ಅವಕಾಶವೇ ಹೋರಾಟದಿಂದ ಬಂದದ್ದು. ಇಂಗ್ಲಿಷ್ ಅದರಾಚೆಯ ಮಾತು.

ನರಗುಂದದಲ್ಲಿ ಈ ಬದಲಾವಣೆ ರಕ್ತದೊಂದಿಗೆ ಬಂತು. ಅಲ್ಲಿನ ಅರಸ ಬಾಬಾಸಾಹೇಬ ಭಾಸ್ಕರರಾವ ಭಾವೆ ಅವರ ಬಳಿ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವಿತ್ತು. 1858ರ ಮೇ ಕೊನೆಯಲ್ಲಿ ಅವರು ಬ್ರಿಟಿಷರ ವಿರುದ್ಧ ಬಂಡೆದ್ದರು. ಜೂನ್ ತಿಂಗಳಲ್ಲಿ ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು, ಸಂಸ್ಥಾನ ಸರಕಾರದ ವಶವಾಯಿತು. ಮರುವರ್ಷವೇ, 1859ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ ತನ್ನ ಮೊದಲ ಮೆಟ್ರಿಕ್ ಪರೀಕ್ಷೆ ನಡೆಸಿತು. ಮಹಾದೇವ ಗೋವಿಂದ ರಾನಡೆ ಅದರಲ್ಲಿ ತೇರ್ಗಡೆಯಾದ ಮೊದಲ ತಂಡದವರು. ಸಂಸ್ಕೃತ ಪಾಂಡಿತ್ಯಕ್ಕೆ ಮನ್ನಣೆ ಕೊಡುತ್ತಿದ್ದ ಅರಮನೆ ಹೋಯಿತು, ಇಂಗ್ಲಿಷಿಗೆ ಮನ್ನಣೆ ಕೊಡುವ ಪರೀಕ್ಷೆ ಬಂತು. ನೌಕರಿ, ವಕೀಲಿ, ಕಾಲೇಜು ಯಾವುದಕ್ಕೂ ಮೆಟ್ರಿಕ್ಕೇ ಹೆಬ್ಬಾಗಿಲಾಯಿತು.

ಎರಡು ಹಾದಿ

ಮುಂಬಯಿ ಪ್ರಾಂತ್ಯದಲ್ಲಿ ಶಾಲೆಯ ಹಾದಿ ನಾಲ್ಕನೆಯ ಇಯತ್ತೆಯಲ್ಲಿ ಕವಲೊಡೆಯುತ್ತಿತ್ತು. ಒಂದು ಹಾದಿ ಕನ್ನಡ ಸಾಲಿಯಲ್ಲೇ ಏಳನೆಯ ಇಯತ್ತೆಯವರೆಗೆ ಹೋಗಿ ‘ಮುಲ್ಕಿ ಪರೀಕ್ಷೆ’ಯಲ್ಲಿ ಮುಗಿಯುತ್ತಿತ್ತು. ಮುಲ್ಕಿ ಎಂದರೆ ನಾಡಿನ ಕಂದಾಯ ಆಡಳಿತಕ್ಕೆ ಸಂಬಂಧಿಸಿದ್ದು. ಮುಲ್ಕಿ ಪಾಸಾದವನು ಸಾಲಿ ಮಾಸ್ತರನಾಗಬಹುದಿತ್ತು, ತಲಾಠಿಯಂತಹ ಸಣ್ಣ ನೌಕರಿ ಹಿಡಿಯಬಹುದಿತ್ತು. ಉತ್ತರ ಕರ್ನಾಟಕದ ಹಿರಿಯರು ‘ಅವರು ಮುಲ್ಕಿ ಪಾಸಾದವರು’ ಎಂದು ಗೌರವದಿಂದ ಹೇಳುತ್ತಿದ್ದುದು ಈ ಕಾರಣದಿಂದ.

ಇನ್ನೊಂದು ಹಾದಿ ಇಂಗ್ಲಿಷ್ ಸಾಲಿಯದು. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿದ ಹುಡುಗ ಅಲ್ಲಿ ಮತ್ತೆ ‘ಇಂಗ್ಲಿಷ್ ಒಂದನೆಯ ಇಯತ್ತೆ’ಗೆ ಸೇರುತ್ತಿದ್ದ. ಮೊದಲ ಮೂರು ಇಯತ್ತೆಗಳು ಮಿಡ್ಲ್ ಸ್ಕೂಲು ಅಥವಾ ಎ.ವಿ. ಸ್ಕೂಲು, ನಾಲ್ಕರಿಂದ ಏಳು ಹೈಸ್ಕೂಲು, ಕೊನೆಗೆ ಮೆಟ್ರಿಕ್. ಹೈಸ್ಕೂಲು ಮುಟ್ಟಿದ ಮೇಲೆ ಗಣಿತ, ಇತಿಹಾಸ, ಭೂಗೋಲಗಳನ್ನೂ ಇಂಗ್ಲಿಷಿನಲ್ಲೇ ಓದಬೇಕಿತ್ತು. ಆದ್ದರಿಂದ ಮೊದಲ ಮೂರು ವರ್ಷಗಳಲ್ಲಿ ಇಂಗ್ಲಿಷ್ ಕೈಗೆ ಹತ್ತದಿದ್ದರೆ ಉಳಿದ ಯಾವ ವಿಷಯವೂ ಹತ್ತುತ್ತಿರಲಿಲ್ಲ.

ತೊಡಕಾಗುತ್ತಿದ್ದುದು ಮುಲ್ಕಿ ಮುಗಿಸಿದ ಜಾಣ ಹುಡುಗರಿಗೆ. ಹದಿಮೂರು–ಹದಿನಾಲ್ಕು ವರ್ಷದವನು ಹತ್ತು ವರ್ಷದವರ ಸಾಲಿನಲ್ಲಿ ಕೂತು ಎಬಿಸಿಡಿಯಿಂದ ಆರಂಭಿಸಬೇಕು. ಇಲ್ಲವಾದರೆ ಮೂರು ವರ್ಷದ ಇಂಗ್ಲಿಷನ್ನು ಬೇಗ ಬೇಗ ಕಲಿತು, ಹೈಸ್ಕೂಲಿನವರು ನಡೆಸುವ ಪರೀಕ್ಷೆಯಲ್ಲಿ ಗೆದ್ದು ಮೇಲಿನ ಇಯತ್ತೆಗೆ ನೇರವಾಗಿ ಸೇರಬೇಕು. ಕೆಲವು ಕಡೆ ಇಂಥವರಿಗಾಗಿಯೇ ಪ್ರತ್ಯೇಕ ವರ್ಗಗಳಿದ್ದವು. ಉಳಿದವರಿಗೆ ಊರಿನ ಮಾಸ್ತರರ ಮನೆಯ ಜಗಲಿಯೇ ಗತಿ. ಇಂದಿನ ಕೋಚಿಂಗ್ ತರಗತಿಯ ಅಜ್ಜನನ್ನು ಹುಡುಕುವವರು ಅಲ್ಲಿಗೇ ಹೋಗಬೇಕು.

ಕಲಿಯುತ್ತಿದ್ದುದು ಏನು?

ಆಗಿನ ಸಿದ್ಧತೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿದ್ದವು: ಸ್ಪೆಲಿಂಗ್ ಬಾಯಿಪಾಠ, ಶುದ್ಧಲೇಖನ, ವ್ಯಾಕರಣ, ಭಾಷಾಂತರ. ಪ್ರಾಂತ್ಯದ ಶಿಕ್ಷಣ ನಿರ್ದೇಶಕನಾಗಿದ್ದ ಹೊವಾರ್ಡ್ ಸಿದ್ಧಪಡಿಸಿದ ರೀಡರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಗಳಲ್ಲಿ ನಡೆದವು. 1930ರ ದಶಕದಲ್ಲಿ ಬಂದ ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಕರ್ತೃಗಳಲ್ಲಿ ಒಬ್ಬರಾದ ಪಿ.ಸಿ. ರೆನ್ ಇದೇ ಮುಂಬಯಿ ಪ್ರಾಂತ್ಯದ ಶಿಕ್ಷಣ ಸೇವೆಯಲ್ಲಿ ದುಡಿದವರು ಎಂಬುದು ಹಲವರಿಗೆ ತಿಳಿದಿಲ್ಲ.

ನಿಘಂಟಿನ ಕೊರತೆಯೂ ಇತ್ತು. ಕಿಟ್ಟೆಲ್ ಅವರ ಹೆಸರಾಂತ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆದರೆ ಅದು ಕನ್ನಡ ಶಬ್ದಕ್ಕೆ ಇಂಗ್ಲಿಷ್ ಅರ್ಥ ಕೊಡುವಂಥದು. ಇಂಗ್ಲಿಷ್ ಪಾಠ ಓದುವ ಹುಡುಗನಿಗೆ ಬೇಕಾದುದು ಇದಕ್ಕೆ ತಿರುಗುಮುರುಗಾದ ಪುಸ್ತಕ. ವಿಲಿಯಂ ರೀವ್ 1824ರಲ್ಲೇ ಅಂಥದೊಂದನ್ನು ತಂದಿದ್ದರೂ ಹಳ್ಳಿಯ ಹುಡುಗನ ಕೈಗೆ ಅದು ಎಟುಕುವಂತಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದದ್ದು 1946ರಲ್ಲಿ. ಅಲ್ಲಿಯವರೆಗೆ ಮಾಸ್ತರರೇ ನಿಘಂಟು.

ಕನ್ನಡದ ಮಗು ಇಂಗ್ಲಿಷಿನಲ್ಲಿ ಎಡವುವ ಜಾಗಗಳು ಅಂದಿಗೂ ಇಂದಿಗೂ ಒಂದೇ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ‘ನೈಫ್’ ಎಂಬ ಶಬ್ದದ ಮೊದಲಿಗೆ ಉಚ್ಚಾರವಿಲ್ಲದ ‘ಕೆ’ ಏಕೆ ಎಂಬುದಕ್ಕೆ ಮಗುವಿಗೆ ತೃಪ್ತಿಯಾಗುವ ಉತ್ತರವಿಲ್ಲ. ನಮ್ಮಲ್ಲಿ ವಿಭಕ್ತಿ ಶಬ್ದದ ಕೊನೆಗೆ ಅಂಟುತ್ತದೆ: ಬಸ್ಸಿಗೆ, ಬಸ್ಸಿನಿಂದ, ಬಸ್ಸಿನಲ್ಲಿ. ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡುವ ಶಬ್ದ ಮುಂಚೆ ಬಂದು ನಿಲ್ಲುತ್ತದೆ. ‘ದಿ’ ಎಂಬ ಪುಟ್ಟ ಶಬ್ದಕ್ಕೆ ಕನ್ನಡದಲ್ಲಿ ಸರಿಜೋಡಿಯೇ ಇಲ್ಲ. ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲಿ ಪದವೀಧರರೂ ತಪ್ಪುತ್ತಾರೆ.

ಇನ್ನೂ ಸೂಕ್ಷ್ಮವಾದದ್ದು ಕಾಲದ ತೊಡಕು. ‘ನಾನು ನಿನ್ನೆ ಗದಗಕ್ಕೆ ಹೋಗಿದ್ದೆ’ ಎಂಬುದು ಸಹಜವಾದ ಕನ್ನಡ. ಅದನ್ನು ಹಾಗೆಯೇ ತಿರುಗಿಸಿದರೆ ‘ಐ ಹ್ಯಾಡ್ ಗಾನ್’ ಎಂದಾಗುತ್ತದೆ. ಇಂಗ್ಲಿಷ್ ಅಲ್ಲಿ ‘ಐ ವೆಂಟ್’ ಎಂಬುದನ್ನೇ ಬೇಡುತ್ತದೆ. ಇನ್ನೊಂದು ಘಟನೆಗಿಂತ ಮುಂಚೆ ನಡೆದದ್ದನ್ನು ಹೇಳುವಾಗ ಮಾತ್ರ ‘ಹ್ಯಾಡ್’ ಬೇಕು. ಕನ್ನಡವನ್ನೂ ಇಂಗ್ಲಿಷನ್ನೂ ಜೊತೆಗಿಟ್ಟು ಈ ವ್ಯತ್ಯಾಸ ತೋರಿಸುವ ಮಾಸ್ತರರು ಸಿಕ್ಕವನಿಗೆ ಅರ್ಧ ಪರೀಕ್ಷೆ ಗೆದ್ದಂತೆ. ಹಳೆಯ ಭಾಷಾಂತರ ಪಾಠ ಮಾಡುತ್ತಿದ್ದುದು ಇದೇ ಕೆಲಸ. ಮಾತನಾಡಲು ಅದು ಕಲಿಸಲಿಲ್ಲ ಎಂಬ ಆಕ್ಷೇಪ ನಿಜ. ಆದರೆ ಎರಡೂ ಭಾಷೆಗಳ ಕಟ್ಟಡ ಅದರಿಂದ ಗೊತ್ತಾಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಬುತ್ತಿ, ವಾರಾನ್ನ, ಪ್ರಸಾದ ನಿಲಯ

ವ್ಯಾಕರಣ ಬಾಯಿಪಾಠವಾದ ಮೇಲೂ ಹೈಸ್ಕೂಲು ದೂರವೇ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೈಸ್ಕೂಲಿಗೆ ಧಾರವಾಡವನ್ನೇ ನೋಡಬೇಕು. ನಂತರ ಹುಬ್ಬಳ್ಳಿ, ಗದಗಗಳು ಒದಗಿದವು. 1884ರಲ್ಲಿ ಹೊಟಗಿ–ಗದಗ ರೈಲು ಹಾದಿ ತೆರೆದಾಗ ರೋಣ ಸೀಮೆಯ ಹೊಳೆಆಲೂರಿಗೆ ನಿಲ್ದಾಣ ಬಂತು. ಆದರೆ ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಿಗೆ ರೈಲು ಮುಟ್ಟಲಿಲ್ಲ. ಗಜೇಂದ್ರಗಡದಿಂದ ಗದಗಕ್ಕೆ ಐವತ್ತು ಕಿಲೋಮೀಟರಿಗೂ ಹೆಚ್ಚು, ನರಗುಂದದಿಂದ ಹುಬ್ಬಳ್ಳಿಗೂ ಸುಮಾರು ಅಷ್ಟೇ. ಚಕ್ಕಡಿಯ ಕಾಲದಲ್ಲಿ ಅದು ದಿನವಿಡೀ ಪ್ರಯಾಣ. ಎರೆಭೂಮಿಯ ಮಳೆಗಾಲದ ಕೆಸರಿನಲ್ಲಿ ಅದೂ ಕಷ್ಟ. ಹುಡುಗ ಪರಊರಲ್ಲಿ ಉಳಿಯಲೇಬೇಕು.

ಬ್ರಾಹ್ಮಣರ ಮನೆಯ ಬಡ ಹುಡುಗರಿಗೆ ವಾರಾನ್ನದ ಆಸರೆ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ಓದುವುದು. ಶುಲ್ಕ ಮಾಫಿಗೆ ‘ನಾದಾರಿ’ ಇತ್ತು. ಉಳಿದ ಜಾತಿಗಳವರಿಗೆ ಆ ಅನ್ನವೂ ಇರಲಿಲ್ಲ. ಒಕ್ಕಲುತನದ ಮನೆಗಳ ಮಕ್ಕಳು ಮುಲ್ಕಿಗೇ ನಿಂತುಬಿಡುತ್ತಿದ್ದುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಊಟದ ಕೊರತೆ ಕಾರಣ.

ಇದನ್ನು ಅರಿತವರು ಶಾಲೆಯ ಜೊತೆಗೆ, ಕೆಲವು ಸಲ ಶಾಲೆಗಿಂತ ಮೊದಲೇ, ಬೋರ್ಡಿಂಗ್ ಕಟ್ಟಿದರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರ ಸಂಖ್ಯೆ ದೊಡ್ಡದು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದೂ ಇದೇ ಹಸಿವಿನಿಂದ. ದಲಿತ ಮಕ್ಕಳಿಗೆ ಈ ಬಾಗಿಲುಗಳೂ ಮುಚ್ಚಿದ್ದವು. ಡಾ. ಅಂಬೇಡ್ಕರ್ ಅವರ ಪ್ರಯತ್ನದ ಫಲವಾಗಿ 1928ರ ಹೊತ್ತಿಗೆ ಪ್ರಾಂತ್ಯದಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಐದು ವಸತಿ ನಿಲಯಗಳು ಮಂಜೂರಾದವು. ಅವುಗಳಲ್ಲಿ ಕನ್ನಡ ಜಿಲ್ಲೆಗಳ ಪಾಲಿಗೆ ಬಂದದ್ದು ಒಂದೇ, ಧಾರವಾಡದ್ದು. ಹೆಣ್ಣುಮಕ್ಕಳನ್ನು ಪರಊರಲ್ಲಿ ಬಿಟ್ಟು ಓದಿಸುವ ಮಾತಂತೂ ಬಹಳ ಕಾಲ ಏಳಲೇ ಇಲ್ಲ. ಅವರ ಓದು ಊರಿನ ಹೆಣ್ಣುಮಕ್ಕಳ ಸಾಲಿಯಲ್ಲೇ ಮುಗಿಯಿತು.

ಹೊಸ್ತಿಲು ದಾಟಿದವರು ಏನಾದರು ಎಂಬುದಕ್ಕೆ ಆಲೂರು ವೆಂಕಟರಾಯರೇ (1880–1964) ಉದಾಹರಣೆ. ಹೊಳೆಆಲೂರಿನ ಮನೆತನದ ಅವರು ಪುಣೆಯಲ್ಲಿ ಪದವಿ, ಮುಂಬಯಿಯಲ್ಲಿ ವಕೀಲಿ ಓದಿದರು. ಇಂಗ್ಲಿಷ್ ಓದು ಕೊಟ್ಟ ಇತಿಹಾಸದ ಅರಿವನ್ನು ಕನ್ನಡಕ್ಕೆ ತಿರುಗಿಸಿ 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಎಲ್ಲರಿಗೂ ಈ ಹಾದಿಯೇ ಬೇಕೆಂದೇನೂ ಇಲ್ಲ. ರೋಣದ ಶಿಕ್ಷಕರೊಬ್ಬರ ಮಗ ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಓಡಿದ. ಅವರು ಪಂಡಿತ ಭೀಮಸೇನ ಜೋಶಿ.

ಸರಿದಾಡಿದ ಬಾಗಿಲು

ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಯಲ್ಲಿ ಬಿ.ಜಿ. ಖೇರ್ ಅವರ ಸರಕಾರವಿತ್ತು. ಐದರಿಂದ ಏಳನೆಯ ಇಯತ್ತೆಯವರೆಗೆ ಇಂಗ್ಲಿಷ್ ಬೇಡ, ಎಂಟರಿಂದ ಆರಂಭಿಸಿದರೆ ಸಾಕು ಎಂದು ಅದು ತೀರ್ಮಾನಿಸಿತು. ಹಳೆಯ ಕವಲು ಇದರಿಂದ ಅಳಿಸಿತು. ಮುಲ್ಕಿಯವನೂ ಉಳಿದವರೂ ಎಂಟನೆಯ ಇಯತ್ತೆಯಲ್ಲಿ ಒಟ್ಟಿಗೇ ಎಬಿಸಿಡಿ ಬರೆದರು. ಸಮಾನತೆ ಬಂದದ್ದು ನಿಜ, ಆದರೆ ಕಾಲೇಜಿಗೆ ಹೋದಾಗ ಮೂರು–ನಾಲ್ಕು ವರ್ಷದ ಇಂಗ್ಲಿಷ್ ಸಾಲಲಿಲ್ಲ.

1954ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಅವರ ಮುಂಬಯಿ ಸರಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಸೇರಿಸಕೂಡದು ಎಂದು ಆಜ್ಞೆ ಹೊರಡಿಸಿತು. ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಸರಿಯಾಗಿ ಅರವತ್ತು ವರ್ಷಗಳ ನಂತರ, 2014ರ ಮೇ ತಿಂಗಳಲ್ಲಿ, ಒಂದರಿಂದ ನಾಲ್ಕನೆಯ ತರಗತಿಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ಕರ್ನಾಟಕದ 1994ರ ಆದೇಶಕ್ಕೂ ಅದೇ ಗತಿಯಾಯಿತು. ಮೊರಾರ್ಜಿಯವರ ಹೆಸರು ಇಂದು ಪ್ರವೇಶ ಪರೀಕ್ಷೆಯ ವಸತಿ ಶಾಲೆಗಳ ಫಲಕದ ಮೇಲಿದೆ ಎಂಬುದು ಇತಿಹಾಸದ ಒಂದು ಚೋದ್ಯ.

ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂತಾದವರ ಹೋರಾಟದಿಂದ 1956ರಲ್ಲಿ ಈ ಭಾಗ ಏಕೀಕೃತ ರಾಜ್ಯಕ್ಕೆ ಸೇರಿತು. ಮುಂದೆ ಇಂಗ್ಲಿಷ್ ಐದನೆಯ ತರಗತಿಗೆ ಬಂತು. ಇಂದಿನ ನಡುವಯಸ್ಸಿನವರು ಎಬಿಸಿಡಿ ಕಲಿತದ್ದು ಅಲ್ಲಿಯೇ. 2007ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಆರಂಭವಾಯಿತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು.

ಉಳಿದಿರುವ ಲೆಕ್ಕ

2009ರ ಶಿಕ್ಷಣ ಹಕ್ಕು ಕಾಯ್ದೆ ಸಾಮಾನ್ಯ ಶಾಲೆಗಳು ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನು ನಿಷೇಧಿಸಿದೆ. ಎಂಟನೆಯ ತರಗತಿಯವರೆಗೆ ಅದು ಅನ್ವಯಿಸುತ್ತದೆ. ನವೋದಯದಂತಹ ವಿಶೇಷ ವರ್ಗದ ಶಾಲೆಗಳಿಗೆ ವಿನಾಯಿತಿ ಇದೆ. ನವೋದಯದ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಎದುರಾಗುವುದು ಒಳಗೆ ಹೋದ ಮೇಲೆ, ಗಣಿತ–ವಿಜ್ಞಾನಗಳು ಆ ಭಾಷೆಗೆ ತಿರುಗಿದಾಗ. ಹಿಂದುಳಿದ 74 ತಾಲ್ಲೂಕುಗಳಿಗಾಗಿ ತೆರೆದ ಆದರ್ಶ ವಿದ್ಯಾಲಯಗಳಲ್ಲಿ ಬೋಧನೆಯೇ ಇಂಗ್ಲಿಷಿನಲ್ಲಿ.

ಗದಗ ಜಿಲ್ಲೆಯ ನವೋದಯ ವಿದ್ಯಾಲಯ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಲ್ಲಿದೆ. ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. 2018ರಲ್ಲಿ ಗಜೇಂದ್ರಗಡವೂ ತಾಲ್ಲೂಕಾದ ಮೇಲೆ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಾಗಿವೆ. ತಾಲ್ಲೂಕಿಗೆ ಹನ್ನೆರಡು ಮಕ್ಕಳೂ ಬರಲಾರದ ಲೆಕ್ಕ ಇದು. ಈ ಶಾಲೆಗಾಗಿ ಪಾಲಕರು ಇಷ್ಟು ಹಾತೊರೆಯುವುದು ಏಕೆ? ಪಾಠದ ಜೊತೆಗೆ ಊಟ, ವಸತಿ, ಪುಸ್ತಕ ಎಲ್ಲವೂ ಅಲ್ಲಿ ಉಚಿತ. ಮುರುಘಾಮಠದ ಪ್ರಸಾದ ನಿಲಯ ನೀಗಿಸಿದ ಕೊರತೆಯನ್ನೇ ಇದೂ ನೀಗಿಸುತ್ತಿದೆ. ಮೂರನೆಯ ಒಂದು ಪಾಲು ಸೀಟುಗಳನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟಿರುವುದರಿಂದ, ಹಿಂದೆ ಏಳದೇ ಇದ್ದ ಪ್ರಶ್ನೆಗೂ ಸ್ವಲ್ಪಮಟ್ಟಿಗೆ ಉತ್ತರ ಸಿಕ್ಕಿದೆ.

ಇಂಗ್ಲಿಷನ್ನು ಯಾವ ತರಗತಿಯಿಂದ ಕಲಿಸಬೇಕು ಎಂಬ ಚರ್ಚೆ ಬೆಂಗಳೂರಿನಲ್ಲಿ ಆಗಾಗ ಏಳುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಅನುಭವ ಹೇಳುವುದು ಬೇರೆ. ತರಗತಿಯನ್ನು ಒಂದರಿಂದ ಎಂಟರವರೆಗೆ ಎಲ್ಲಿಗೆ ಸರಿಸಿದರೂ ಎರಡು ಅನುಕೂಲಗಳಿದ್ದ ಮಗು ಮಾತ್ರ ಹೊಸ್ತಿಲು ದಾಟಿತು. ಕನ್ನಡದ ಮೂಲಕ ಇಂಗ್ಲಿಷನ್ನು ಬಿಡಿಸಿ ಹೇಳಬಲ್ಲ ಶಿಕ್ಷಕರು ಒಂದು, ನೆಮ್ಮದಿಯಾಗಿ ಉಂಡು ಮಲಗಿ ಓದಲು ಒಂದು ಜಾಗ ಇನ್ನೊಂದು. ಪರೀಕ್ಷೆ ಬರೆದು ಸೀಟು ಸಿಗದೆ ಊರಿನ ಶಾಲೆಗೇ ಮರಳುವ ಮಕ್ಕಳೇ ಹೆಚ್ಚು. ಅವರಿಗೂ ಈ ಎರಡು ಅನುಕೂಲಗಳು ಊರಲ್ಲೇ ಸಿಗುವವರೆಗೆ ಈ ಪರೀಕ್ಷೆಯ ಭಯ ತೀರುವುದಿಲ್ಲ.